ನಂಬಿಕೆಗೆ ಸರ್ಟಿಫಿಕೇಟು ಕೊಡುವವರು ಯಾರು?

ಒಬ್ಬ ಮನುಷ್ಯ ತನ್ನ ಮತವನ್ನು ಬಿಟ್ಟು ಬೇರೊಂದು ಮತಕ್ಕೆ ಹೋದನೆಂದರೆ ನಮ್ಮ ಸೀಮೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಕೊಬ್ಬರಿ ಮಂಡಿಯ ಜಗಲಿಯ ಮೇಲಾಗಲಿ, ಎಣ್ಣೆ ಗಿರಣಿಯ ಊಟದ ಬಿಡುವಿನಲ್ಲಾಗಲಿ ಕಿವಿಗೊಟ್ಟು ಕೇಳಿ. ‘ಮನಸಾರೆ ಹೋದನೋ, ಏನಾದರೂ ಸಿಕ್ಕೀತೆಂದು ಹೋದನೋ?’ ಎಂಬುದು ಒಂದು. ‘ಹೋದ ಕಡೆ ಅವರು ಸೇರಿಸಿಕೊಂಡರೋ?’ ಎಂಬುದು ಇನ್ನೊಂದು. ಮೊದಲನೆಯದು ಪ್ರಾಮಾಣಿಕತೆಯ ಪ್ರಶ್ನೆ; ಎರಡನೆಯದು ಮನ್ನಣೆಯ ಪ್ರಶ್ನೆ. ಈ ಎರಡನ್ನೂ ನಮ್ಮ ಜನ ಬಂದವನ ಮೇಲೆಯೇ ಹೊರಿಸುತ್ತಾರೆ. ಮನೆಯ ಬಾಗಿಲಲ್ಲಿ ನಿಂತವನನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಾರೆಯೇ ಹೊರತು, ಮನೆಯ ಯಜಮಾನ ನೆಟ್ಟಗಿದ್ದಾನೆಯೇ ಎಂದು ಯಾರೂ ಕೇಳುವುದಿಲ್ಲ. ಇದು ತಿರುಗುಮುರುಗಾಗಬೇಕೆಂಬುದು ನಮ್ಮ ವಾದ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟು ಪುದುಚೇರಿಯ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಬಾಲ್ಯದಲ್ಲೇ ಜ್ಞಾನಸ್ನಾನವಾಗಿ ಚರ್ಚಿಗೆ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳು, ತಾನು ಹಿಂದೂ ಎಂದು ಹೇಳಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದ್ದರು. ಕೋರ್ಟು ಒಪ್ಪಲಿಲ್ಲ. ನಿಜವಾದ ನಂಬಿಕೆಯಿಲ್ಲದೆ, ಮೀಸಲಾತಿಯ ಲಾಭವೊಂದನ್ನೇ ನೋಡಿ ಮತ ಬದಲಾಯಿಸುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಅದು ಹೇಳಿತು. ಅಂದಿನಿಂದ ಈ ‘ವಂಚನೆ’ ಎಂಬ ಶಬ್ದವನ್ನು ಕೆಲವರು ಕೈಗೋಲಿನ ಹಾಗೆ ಹಿಡಿದು ತಿರುಗುತ್ತಿದ್ದಾರೆ. ಹಟ್ಟಿಯಲ್ಲಿ ಪ್ರಾರ್ಥನೆ ಮಾಡುವ ಬಡವನ ಬೆನ್ನಿಗೆ ಅದು ಬೀಳುತ್ತದೆ.

ಕ್ರೈಸ್ತರ ಮಾತೆತ್ತಿದರೆ ಒಬ್ಬರಿಗೆ ಕೋಪ, ಮುಸಲ್ಮಾನರ ಮಾತೆತ್ತಿದರೆ ಇನ್ನೊಬ್ಬರಿಗೆ ಕೋಪ, ಬೌದ್ಧರ ಮಾತೆತ್ತಿದರೆ ಮತ್ತೊಬ್ಬರಿಗೆ. ಆದ್ದರಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಯಾರ ಪಕ್ಷವೂ ಅಲ್ಲದ ಒಂದು ಮತವನ್ನು ಮುಂದಿಟ್ಟುಕೊಂಡು ಯೋಚಿಸೋಣ. ಅದು ಯಹೂದ್ಯರ ಮತ. ಇಸ್ರೇಲ್ ಸರ್ಕಾರದ ರಾಜಕೀಯ ಇಲ್ಲಿ ನಮ್ಮ ವಿಷಯವಲ್ಲ. ಯಾರನ್ನೂ ಕರೆಯದ, ಬಂದವರನ್ನು ಸುಲಭವಾಗಿ ಸೇರಿಸದ, ಸೇರಿಸಿದ ಮೇಲೂ ‘ನೀನು ನಿಜವಾಗಿ ನಮ್ಮವನೇ?’ ಎಂಬ ಜಗಳವನ್ನು ಎರಡು ಸಾವಿರ ವರ್ಷ ನಡೆಸಿದ ಮತ ಅದು. ಹಾಗಾಗಿ ನಮ್ಮ ಪ್ರಶ್ನೆಗೆ ಅಲ್ಲಿ ಸಿಕ್ಕುವಷ್ಟು ಸಾಮಗ್ರಿ ಬೇರೆಲ್ಲೂ ಸಿಕ್ಕುವುದಿಲ್ಲ. ಸಾಮಗ್ರಿ ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ, ಮಂಗಳೂರಿನವರೆಗೆ ಹೋದರೆ ಸಾಕು.

1132ರಲ್ಲಿ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಒಬ್ಬ ಯಹೂದ್ಯ ವ್ಯಾಪಾರಿಯಿದ್ದ. ಉತ್ತರ ಆಫ್ರಿಕದ ಮಹದಿಯಾ ಊರಿನವನು. ಏಡನ್ ಬಂದರಿನ ಸಾಹುಕಾರರೊಡನೆ ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣದ ವ್ಯವಹಾರ ಮಾಡುತ್ತಿದ್ದ. ಕಂಚಿನ ಪಾತ್ರೆಗಳ ಒಂದು ಕಾರ್ಖಾನೆಯನ್ನೂ ಇಟ್ಟಿದ್ದ. ಅವನ ಕಾಗದಪತ್ರಗಳು ಹಳೆಯ ಕೈರೋದ ಯಹೂದ್ಯ ದೇವಾಲಯದ ಕೋಣೆಯೊಂದರಲ್ಲಿ ಏಳೆಂಟು ನೂರು ವರ್ಷ ಬಿದ್ದಿದ್ದು, ಆಮೇಲೆ ವಿದ್ವಾಂಸರ ಕೈಗೆ ಬಂದವು. ಅಮಿತಾವ್ ಘೋಷ್ ಎಂಬ ಬಂಗಾಳಿ ಲೇಖಕರು 1992ರಲ್ಲಿ ಈ ಕಥೆಯನ್ನು ಒಂದು ಪುಸ್ತಕದಲ್ಲಿ ಹೇಳಿದ್ದಾರೆ. ಆ ಕಾಗದಗಳಲ್ಲಿ ಒಂದು ಬಿಡುಗಡೆಯ ಪತ್ರ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಅಶು ಎಂಬ ತನ್ನ ದಾಸಿಯನ್ನು ಸ್ವತಂತ್ರಳೆಂದು ಬರೆದುಕೊಟ್ಟ. ಯಹೂದ್ಯರ ಶಾಸ್ತ್ರದಂತೆ ದಾಸ್ಯದಿಂದ ಬಿಡುಗಡೆಯಾದವರು ಆ ಮತದೊಳಕ್ಕೆ ಬಂದಂತೆಯೇ ಲೆಕ್ಕ. ಅವಳಿಗೆ ಬೆರಾಖಾ ಎಂದು ಹೆಸರಾಯಿತು. ಆಶೀರ್ವಾದ ಎಂದು ಅದರ ಅರ್ಥ. ಅವಳಲ್ಲಿ ಅವನಿಗೆ ಮಕ್ಕಳಾದವು.

ಈಗ ಕೇಳಿ: ನಮ್ಮ ಕರಾವಳಿಯ ಈ ಹೆಣ್ಣುಮಗಳು ಮನಸಾರೆ ಯಹೂದ್ಯಳಾದಳೇ? ಅವಳು ದಾಸಿ. ಒಡೆಯ ಬರೆಸುತ್ತಾನೆ, ಸಾಕ್ಷಿಗಳು ರುಜು ಹಾಕುತ್ತಾರೆ. ಪತ್ರದಲ್ಲಿ ಅವಳದೊಂದು ಮಾತೂ ಇಲ್ಲ. ಬೇಡವೆನ್ನುವ ಸ್ವಾತಂತ್ರ್ಯ ಇಲ್ಲದವಳು ಹೂಂ ಎಂದರೆ ಅದನ್ನು ಪ್ರಾಮಾಣಿಕವೆನ್ನಬೇಕೇ, ಅಪ್ರಾಮಾಣಿಕವೆನ್ನಬೇಕೇ? ಪ್ರಶ್ನೆಗೇ ಇಲ್ಲಿ ಅರ್ಥವಿಲ್ಲ. ಮನುಷ್ಯ ಮೊದಲು ಬಿಡುಗಡೆಯಾಗಬೇಕು. ಅವನ ನಂಬಿಕೆಯ ಮಾತು ಆಮೇಲೆ. ಸಾಲದ ಮುಂಗಡಕ್ಕೆ ತಲೆಯೊಡ್ಡಿ ತೋಟದಲ್ಲಿ ದುಡಿಯುವ ಕುಟುಂಬ ಯಾವ ದೇವರಿಗೆ ಕೈಮುಗಿಯುತ್ತದೆ ಎಂದು ಪರೀಕ್ಷೆ ಮಾಡಲು ಹೊರಡುವ ದೊಡ್ಡವರು, ಆ ಮುಂಗಡದ ಪುಸ್ತಕವನ್ನು ಮೊದಲು ತೆರೆದು ನೋಡಲಿ.

ಮುಂದೆ ಏನಾಯಿತೆಂಬುದು ಇನ್ನೂ ನೋವಿನದು. 1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹೊರಟುಹೋದ. ಆ ಮೇಲಿನ ಕಾಗದಗಳಲ್ಲಿ ಬೆರಾಖಾಳ ಸುದ್ದಿಯೇ ಇಲ್ಲ. ಮಗ ತೀರಿಕೊಂಡ. ಮಗಳನ್ನು ಏಡನ್ನಿನ ಸಾಹುಕಾರನೊಬ್ಬನ ಮಗನಿಗೆ ಕೊಡುವ ಮಾತಾಗಿತ್ತು. ತಂದೆ ಅದನ್ನು ಬಿಟ್ಟು ತನ್ನ ಅಣ್ಣತಮ್ಮಂದಿರ ಮಗನಿಗೇ ಕೊಡಬೇಕೆಂದು ಹಟ ಹಿಡಿದ. 1156ರಲ್ಲಿ ಹಳೆಯ ಕೈರೋದಲ್ಲಿ ಮದುವೆಯಾಯಿತು. ಮಂಗಳೂರಿನ ದಾಸಿಯ ಮಗಳು ಯಹೂದ್ಯರ ಮನೆ ತುಂಬಿದಳು. ತಾಯಿಯ ಹೆಸರು ಪತ್ರದಲ್ಲಿ ಉಳಿಯಿತು.

ಇದೇ ಕಾಲವನ್ನು ಓದುಗರು ನೆನಪಿಗೆ ತಂದುಕೊಳ್ಳಬೇಕು. ಬೆನ್ ಯಿಜು ಮಂಗಳೂರಿನಲ್ಲಿ ಅಡಿಕೆ ಮೂಟೆ ಕಟ್ಟುತ್ತಿದ್ದ ದಿನಗಳಲ್ಲೇ ಘಟ್ಟದ ಮೇಲೆ ಬಸವಣ್ಣನವರು ಬದುಕಿದ್ದರು. ಕಲ್ಯಾಣದಲ್ಲಿ ಶರಣರು ಮಾಡಿದ್ದು ಇದೇ ಎರಡು ಪ್ರಶ್ನೆಗಳ ಇತ್ಯರ್ಥ. ಲಿಂಗದೀಕ್ಷೆ ಆದ ಮೇಲೆ ಹಿಂದಿನ ಕುಲ ಕೇಳಕೂಡದು. ಸಮಗಾರರ ಹರಳಯ್ಯ, ಬ್ರಾಹ್ಮಣರ ಮಧುವರಸ ಇಬ್ಬರೂ ದೀಕ್ಷೆ ತೆಗೆದುಕೊಂಡರು, ಮಕ್ಕಳಿಗೆ ಮದುವೆ ಮಾಡಿದರು. ಶರಣರ ಸಮಾಜ ಮನ್ನಣೆ ಕೊಟ್ಟಿತು. ಅರಮನೆ ಕೊಡಲಿಲ್ಲ. ಬಿಜ್ಜಳ ಅವರಿಬ್ಬರನ್ನೂ ಎಳೆಹೂಟೆ ಶಿಕ್ಷೆಗೆ ಗುರಿಮಾಡಿದನೆಂದು ಪರಂಪರೆ ಹೇಳುತ್ತದೆ. ಹೊಸ ನಂಬಿಕೆಗೆ ಬಂದವನ ಮೇಲೆ ಸರ್ಕಾರ ಮುನಿಸಿಕೊಳ್ಳುವುದು ಸಾಧಾರಣವಾಗಿ ಅವನು ಪ್ರಾರ್ಥನೆ ಬದಲಾಯಿಸಿದ್ದಕ್ಕಲ್ಲ. ಪಂಕ್ತಿ ಬದಲಾಯಿಸಿದಾಗ, ಸಂಬಂಧ ಬದಲಾಯಿಸಿದಾಗ ಅದಕ್ಕೆ ಸಿಟ್ಟು ಬರುತ್ತದೆ.

ಯಹೂದ್ಯರ ಶಾಸ್ತ್ರವೂ ಇಲ್ಲಿ ಕೇಳತಕ್ಕ ಮಾತನ್ನೇ ಹೇಳುತ್ತದೆ. ಸೇರಬೇಕೆಂದು ಬಂದವನಿಗೆ ಮೊದಲು ಹೆದರಿಸಿ ಹೇಳಬೇಕು: ನಮ್ಮ ಜನ ತುಳಿತಕ್ಕೆ ಸಿಕ್ಕವರು, ನೀನು ಯಾಕಪ್ಪ ಬರುತ್ತೀಯೆ ಎಂದು. ಆದರೂ ಬರುತ್ತೇನೆಂದರೆ ಕಲಿಸಬೇಕು. ಮೂವರು ಕುಳಿತು ವಿಚಾರಿಸಬೇಕು. ಗಂಡಸಿಗೆ ಸುನ್ನತಿ, ಎಲ್ಲರಿಗೂ ನೀರಿನಲ್ಲಿ ಮುಳುಗು. ಅಲ್ಲಿಗೆ ಮುಗಿಯಿತು. ಮುಗಿದ ಮೇಲೆ ಅವನ ಹಿಂದಿನ ಬಾಳನ್ನು ಎತ್ತಿ ಆಡಿ ತೋರಿಸುವುದು ಪಾಪವೆಂದು ಶಾಸ್ತ್ರ ಕಟ್ಟುಮಾಡಿದೆ. ಮದುವೆಗಾಗಿಯೋ, ಬೇರೆ ಯಾವುದೋ ಲಾಭಕ್ಕಾಗಿಯೋ ಬಂದವರು ಯಹೂದ್ಯರಾಗುತ್ತಾರೆಯೇ ಎಂದು ಹಿಂದಿನ ಪಂಡಿತರು ದೊಡ್ಡ ಚರ್ಚೆ ಮಾಡಿದರು. ಕಡೆಗೆ ಆದ ತೀರ್ಮಾನ, ವಿಧಿ ಮುಗಿದ ಮೇಲೆ ಅವರೂ ಯಹೂದ್ಯರೇ ಎಂಬುದು. ಬಾಗಿಲಲ್ಲಿ ಕೇಳು, ಒಳಗೆ ಬಂದ ಮೇಲೆ ಕೇಳಬೇಡ. ಹನ್ನೆರಡನೆಯ ಶತಮಾನದ ಮೈಮೋನಿಡೀಸ್ ಎಂಬ ಮಹಾ ಪಂಡಿತರಿಗೆ ಓಬದ್ಯ ಎಂಬ ಹೊಸಬ ಕಾಗದ ಬರೆದು ಕೇಳಿದ: ‘ನಮ್ಮ ಪಿತೃಗಳ ದೇವರೇ’ ಎಂದು ಪ್ರಾರ್ಥನೆಯಲ್ಲಿ ನಾನು ಹೇಳಬಹುದೇ, ನನ್ನ ಪಿತೃಗಳು ಬೇರೆಯವರಲ್ಲವೇ? ಧಾರಾಳವಾಗಿ ಹೇಳು, ನಿನಗೂ ನಮಗೂ ಯಾವ ಭೇದವೂ ಇಲ್ಲ ಎಂದು ಅವರು ಉತ್ತರ ಕೊಟ್ಟರು. ಈ ಓಬದ್ಯನನ್ನು ಅವನ ಗುರುವೇ ದಡ್ಡನೆಂದು ಹೀಯಾಳಿಸಿದ್ದನಂತೆ. ತಪ್ಪು ಗುರುವಿನದು, ಅವನು ಶಿಷ್ಯನ ಕ್ಷಮೆ ಕೇಳಬೇಕೆಂದೂ ಮೈಮೋನಿಡೀಸ್ ಬರೆದರು. ಮೇಷ್ಟರ ಕೆಲಸ ಮಾಡಿದ ನಮಗೆ ಈ ಮಾತು ಬಹಳ ಹಿಡಿಸಿತು.

ಶಾಸ್ತ್ರ ಹೀಗಿದೆ. ಆಚಾರ ಹೇಗಿತ್ತು? ಅದನ್ನು ಕೊಚ್ಚಿಯಲ್ಲಿ ನೋಡಬೇಕು.

ಕೊಚ್ಚಿಯ ಎಣ್ಣೆಯ ಧಾರಣೆ ಏರಿದರೆ ಇಳಿದರೆ ನಮ್ಮ ಮಂಡಿಯವರು ಕಿವಿ ನೆಟ್ಟಗೆ ಮಾಡುತ್ತಾರೆ; ಅಲ್ಲಿನ ಯಹೂದ್ಯರ ಸಮಾಚಾರ ಮಾತ್ರ ಕೆಲವರಿಗೇ ಗೊತ್ತು. ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಯಹೂದ್ಯರ ದೇವಾಲಯವಿದೆ. ಅದಕ್ಕೆ ಸೇರಿದವರಲ್ಲಿ ಒಂದು ಪಂಗಡ, ಹಿಂದೆ ದಾಸ್ಯದಲ್ಲಿದ್ದು ಬಿಡುಗಡೆಯಾದವರ ಸಂತತಿ. ಅಂದರೆ ನಮ್ಮ ಬೆರಾಖಾಳಂಥವರ ಮಕ್ಕಳು ಮೊಮ್ಮಕ್ಕಳು. ಅವರು ಅದೇ ದೇವರನ್ನು ಅದೇ ಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದರು, ಅದೇ ಶನಿವಾರ ಕೆಲಸ ಬಿಡುತ್ತಿದ್ದರು. ಆದರೆ ಬೆಂಚಿನ ಮೇಲೆ ಕೂರುವಂತಿಲ್ಲ. ಹೊರ ಹಜಾರದಲ್ಲೋ ನೆಲದ ಮೇಲೋ ಕೂರಬೇಕು. ಧರ್ಮಗ್ರಂಥ ಓದಲು ಅವರನ್ನು ಕರೆಯುವಂತಿಲ್ಲ. ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಸತ್ತರೆ ಹೂಳುವ ಜಾಗವೂ ಬೇರೆ. ನಮ್ಮ ಊರುಗಳ ಹೋಟೆಲಿನಲ್ಲಿ ಎರಡು ಲೋಟ ಇಟ್ಟ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಎಂಬುದು ಈ ನೆಲದಲ್ಲಿ ಯಾವ ಮತದ ಮನೆಯನ್ನಾದರೂ ಹಿತ್ತಲ ಬಾಗಿಲಿನಿಂದ ಹೊಕ್ಕು ಅಟ್ಟದ ಮೇಲೆ ಕುಳಿತುಬಿಡುತ್ತದೆ.

ಹದಿನಾರನೆಯ ಶತಮಾನದಲ್ಲೇ ಈ ಜಗಳ ಕೈರೋದವರೆಗೆ ಹೋಗಿತ್ತು. ಕೊಚ್ಚಿಯವರು ಅಲ್ಲಿನ ಡೇವಿಡ್ ಇಬ್ನ್ ಜಿಮ್ರಾ ಎಂಬ ಧರ್ಮಾಧಿಕಾರಿಗೆ ಬರೆದು ಕೇಳಿದರು. ತಾವು ಕುಲೀನರೆಂದು ಹೇಳಿಕೊಳ್ಳುವ ಕೆಲವರು, ಉಳಿದವರನ್ನು ದಾಸರ ಸಂತತಿಯೆಂದು ದೂರ ಇಟ್ಟಿದ್ದಾರೆ, ಸಂಬಂಧ ಮಾಡುವುದಿಲ್ಲ, ಏನು ಮಾಡಬೇಕು ಎಂದು. ಶಾಸ್ತ್ರೋಕ್ತವಾಗಿ ಮುಳುಗು ಹಾಕಿ ಸೇರಿದವರಾದರೆ ಅವರು ಪೂರ್ಣ ಯಹೂದ್ಯರು, ಸಂಬಂಧ ಮಾಡಲು ಅಡ್ಡಿಯಿಲ್ಲ ಎಂದು ಉತ್ತರ ಬಂತು. ಉತ್ತರ ಬಂದು ನಾಲ್ಕು ನೂರು ವರ್ಷವಾದರೂ ಬೆಂಚು ಬೆಂಚಾಗಿಯೇ ಇತ್ತು, ನೆಲ ನೆಲವಾಗಿಯೇ ಇತ್ತು. ಮೇಲಿನಿಂದ ಬಂದ ಮನ್ನಣೆಯ ಕಾಗದಕ್ಕೆ ಇಷ್ಟೇ ಬೆಲೆ.

ಬೆಂಚನ್ನು ಬಿಡಿಸಿದವರು ಅಬ್ರಹಾಂ ಬರಾಕ್ ಸೇಲಂ. 1882ರಲ್ಲಿ ಆ ಪಂಗಡದಲ್ಲೇ ಹುಟ್ಟಿದವರು. ಪದವೀಧರರಾಗಿ ಎರ್ನಾಕುಲಂನಲ್ಲಿ ವಕೀಲಿ ಮಾಡಿದರು. ಕೊಚ್ಚಿ ಸಂಸ್ಥಾನದ ಶಾಸನ ಪರಿಷತ್ತಿನ ಸದಸ್ಯರಾಗಿದ್ದರು, 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿಬಂದರು, ಕಾರ್ಮಿಕರ ಸಂಘ ಕಟ್ಟುವ ಕೆಲಸದಲ್ಲಿದ್ದರು. ಜನ ಅವರನ್ನು ಯಹೂದ್ಯ ಗಾಂಧಿ ಎಂದು ಕರೆದರು. ತಮ್ಮ ದೇವಾಲಯದಲ್ಲಿ ಅವರು ಸತ್ಯಾಗ್ರಹ ಹೂಡಿದರು. ಮಕ್ಕಳನ್ನೂ ಕರೆದುಕೊಂಡು ಹೋಗಿ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಪ್ರಾರ್ಥನಾ ಮಂದಿರದ ಒಳಗೇ ಕೂರುತ್ತಿದ್ದರು. ವರ್ಷಗಟ್ಟಲೆ ನಡೆದ ಮೇಲೆ ಒಂದೊಂದಾಗಿ ಕಟ್ಟುಗಳು ಸಡಿಲವಾದವು. ಸ್ವಾತಂತ್ರ್ಯ ಬಂದ ಮೇಲೆ ಅವರ ಮಗನೇ ಪರದೇಶಿ ಮನೆತನದ ಹುಡುಗಿಯನ್ನು ಮದುವೆಯಾದಾಗಲೂ ದೊಡ್ಡ ಗದ್ದಲವೇ ಎದ್ದಿತು. ಸೇಲಂ 1967ರಲ್ಲಿ ತೀರಿಕೊಂಡರು. ಆ ವೇಳೆಗೆ ಕೊಚ್ಚಿಯ ಬಹುಪಾಲು ಯಹೂದ್ಯರು ಇಸ್ರೇಲಿಗೆ ಹೊರಟುಹೋಗಿದ್ದರು. ಬೆಂಚುಗಳ ಮೇಲೆ ಕೂರಲು ಜನ ಸಾಲದೆ ಬಂದರು.

ಈ ಉದಾಹರಣೆಯಲ್ಲಿ ಯಾರ ಪ್ರಾಮಾಣಿಕತೆ ಪರೀಕ್ಷೆಗೆ ನಿಂತಿತ್ತು, ಹೇಳಿ. ನೆಲದ ಮೇಲೆ ಕುಳಿತು ನೂರಾರು ವರ್ಷ ಬಿಡದೆ ಪ್ರಾರ್ಥನೆ ಮಾಡಿದವರದೇ, ಬೆಂಚು ಬಿಡದವರದೇ?

ಕೊಂಕಣದ ಬೆನೆ ಇಸ್ರೇಲರ ಕಥೆ ನಮ್ಮ ಗಿರಣಿಯವರಿಗೆ ಇನ್ನೂ ಹತ್ತಿರದ್ದು. ಅವರು ಗಾಣದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಮರಾಠಿ ಜನ ಅವರನ್ನು ‘ಶನಿವಾರ್ ತೇಲಿ’ ಎಂದು ಕರೆದರು. ನೆರೆಹೊರೆಯವರಿಗೆ ಅವರು ಮತಾಂತರಗೊಂಡವರೋ, ಹುಟ್ಟಿನಿಂದಲೇ ಬಂದವರೋ ಎಂಬುದು ಬೇಕಾಗಿರಲಿಲ್ಲ. ಶನಿವಾರ ಎಣ್ಣೆ ಸಿಕ್ಕುವುದಿಲ್ಲವೆಂಬುದಷ್ಟೇ ಗೊತ್ತಿತ್ತು, ಅಷ್ಟರಿಂದಲೇ ಮನ್ನಣೆ ಸಿಕ್ಕಿತ್ತು. ಮನ್ನಣೆ ತಪ್ಪಿದ್ದು ಸ್ವಂತ ಜನರ ನಾಡಿಗೆ ಹೋದ ಮೇಲೆ. ಹಿಂದಿನ ತಲೆಮಾರುಗಳ ಮದುವೆ, ವಿಚ್ಛೇದನಗಳು ಶಾಸ್ತ್ರದಂತೆ ನಡೆದಿದ್ದವೋ ಇಲ್ಲವೋ ಎಂದು ಶಂಕಿಸಿ, 1962ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳ ಕಚೇರಿ ಒಂದು ಸೂಚನೆ ಹೊರಡಿಸಿತು. ಬೆನೆ ಇಸ್ರೇಲರ ಮದುವೆ ನೋಂದಾಯಿಸುವ ಮೊದಲು ಅವರ ತಾಯಿ, ಅಜ್ಜಿ, ಮುತ್ತಜ್ಜಿಯರ ಪೂರ್ವೋತ್ತರ ವಿಚಾರಿಸಬೇಕೆಂದು. ಬೇರಾವ ಜನರ ಹೆಸರೂ ಆ ಸೂಚನೆಯಲ್ಲಿರಲಿಲ್ಲ. ಅವರು ಸುಮ್ಮನಿರಲಿಲ್ಲ, ಬೀದಿಗಿಳಿದರು, ಧರಣಿ ಕೂತರು. 1964ರ ಆಗಸ್ಟಿನಲ್ಲಿ ಅಲ್ಲಿನ ಪಾರ್ಲಿಮೆಂಟು ಬೆನೆ ಇಸ್ರೇಲರು ಎಲ್ಲ ವಿಧದಲ್ಲೂ ಯಹೂದ್ಯರೇ ಎಂದು ನಿರ್ಣಯ ಮಾಡಿತು, ರಬ್ಬಿಗಳು ಸೂಚನೆಯಿಂದ ಅವರ ಹೆಸರು ತೆಗೆಯಬೇಕಾಯಿತು.

ಅಲ್ಲಿ ಇಂದಿಗೂ ಈ ಜಗಳ ಮುಗಿದಿಲ್ಲ. ಮತಾಂತರಗೊಂಡ ಯಹೂದ್ಯನೂ ಯಹೂದ್ಯನೇ ಎಂದು 1970ರಲ್ಲಿ ಕಾನೂನಿಗೆ ಸೇರಿಸಿದರು, ಯಾರು ಮಾಡಿಸಿದ ಮತಾಂತರ ಎಂದು ಬರೆಯಲಿಲ್ಲ. 2008ರಲ್ಲಿ ಒಂದು ಧಾರ್ಮಿಕ ಮೇಲ್ಮನವಿ ನ್ಯಾಯಾಲಯ, ಹಲವು ವರ್ಷಗಳ ಹಿಂದೆಯೇ ಮುಗಿದುಹೋಗಿದ್ದ ಸಾವಿರಾರು ಮತಾಂತರಗಳ ಮೇಲೆ ಸಂದೇಹ ಹಾಕಿಬಿಟ್ಟಿತು. ಬಂದವರು ಆಚಾರ ಪಾಲಿಸುತ್ತಿಲ್ಲವೆಂಬುದು ಆಕ್ಷೇಪಣೆ. ಒಳಗೆ ಬಂದ ಮೇಲೆ ಕೇಳಬೇಡ ಎಂದ ಶಾಸ್ತ್ರಕ್ಕೆ ಇದೊಂದು ಗೌರವ! ಕಡೆಗೆ 2021ರ ಮಾರ್ಚ್ 1ರಂದು ಅಲ್ಲಿನ ಸುಪ್ರೀಂ ಕೋರ್ಟು, ಸುಧಾರಣಾವಾದಿ ಪಂಗಡಗಳು ಇಸ್ರೇಲಿನೊಳಗೇ ಮಾಡಿಸಿದ ಮತಾಂತರಗಳನ್ನೂ ಪೌರತ್ವಕ್ಕೆ ಒಪ್ಪಬೇಕೆಂದು ಹೇಳಿತು. ಮದುವೆ ನೋಂದಣಿ ಮಾತ್ರ ಹಳೆಯ ರಬ್ಬಿಗಳ ಕೈಯಲ್ಲೇ ಉಳಿದಿದೆ.

ಇನ್ನು ಗುಂಟೂರಿಗೆ ಬನ್ನಿ. ಮೆಣಸಿನಕಾಯಿ ತರಿಸುವ ನಮ್ಮ ಅಂಗಡಿಯವರಿಗೆ ಆ ಹೆಸರು ಪರಿಚಿತ. ಆ ಜಿಲ್ಲೆಯ ಚೇಬ್ರೋಲು ಬಳಿಯ ಕೊತ್ತರೆಡ್ಡಿಪಾಲೆಂನಲ್ಲಿ ಕೆಲವು ಮಾದಿಗ ಕುಟುಂಬಗಳಿವೆ. ಹಿಂದೆ ಬ್ಯಾಪ್ಟಿಸ್ಟ್ ಕ್ರೈಸ್ತರಾಗಿದ್ದವು. 1980ರ ದಶಕದ ಕೊನೆಯಿಂದ ಅವರು ತಾವು ಯಹೂದ್ಯರೆಂದು, ಕಳೆದುಹೋದ ಎಫ್ರಾಯಿಂ ಕುಲದವರೆಂದು ಹೇಳಿಕೊಂಡು ಬಂದಿದ್ದಾರೆ. ಒಂದು ಸಣ್ಣ ಪ್ರಾರ್ಥನಾಮಂದಿರ ಕಟ್ಟಿದ್ದಾರೆ, ಹೀಬ್ರೂ ಕಲಿಯುತ್ತಾರೆ, ಶನಿವಾರ ಆಚರಿಸುತ್ತಾರೆ. ಯೂಲಿಯಾ ಎಗೊರೋವಾ, ಶಾಹಿದ್ ಪರ್ವೇಜ್ ಎಂಬ ಇಬ್ಬರು ವಿದ್ವಾಂಸರು ಅವರ ನಡುವೆ ಹೋಗಿದ್ದು, 2013ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಸ್ರೇಲ್ ಸರ್ಕಾರ ಇವರನ್ನು ಒಂದು ಸಮುದಾಯವಾಗಿ ಒಪ್ಪಿಲ್ಲ. ಈಶಾನ್ಯದ ಮಿಜೋರಾಂ, ಮಣಿಪುರಗಳ ಬ್ನೈ ಮೆನಾಶೆ ಜನರಿಗಾದರೋ 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಯೊಬ್ಬರು ‘ನೀವು ಇಸ್ರೇಲಿನ ಸಂತತಿಯೇ ಹೌದು’ ಎಂದರು. ಅದೇ ಉಸಿರಿನಲ್ಲಿ, ಆದರೂ ವಿಧಿಪೂರ್ವಕ ಮತಾಂತರ ಆಗಲೇಬೇಕು ಎಂದರು. ಮತಾಂತರ ಮಾಡಿಸಲು ರಬ್ಬಿಗಳು ಬಂದಾಗ ನಮ್ಮ ದೇಶದ ಸರ್ಕಾರ ಆಕ್ಷೇಪಿಸಿತು; ಆಮೇಲೆ ಆ ಕೆಲಸ ಇಸ್ರೇಲಿಗೆ ಹೋದ ಮೇಲೆಯೇ ನಡೆಯುವಂತಾಯಿತು.

ಗುಂಟೂರಿನ ಆ ಕುಟುಂಬಗಳನ್ನು ಕುರಿತು ಜನ ಏನೆನ್ನುತ್ತಾರೆಂದು ಊಹಿಸುವುದು ಕಷ್ಟವಲ್ಲ. ಇಸ್ರೇಲಿಗೆ ಹೋಗುವ ಆಸೆಯಿಂದ ಮಾಡಿದ್ದಾರೆ, ಹೊಟ್ಟೆಪಾಡು ಎಂದು. ಇರಬಹುದು. ಜಗತ್ತಿನಲ್ಲಿ ಹೊಟ್ಟೆ ಇಲ್ಲದೆ ಬರೀ ಆತ್ಮ ಹೊತ್ತು ತಿರುಗುವವರನ್ನು ನಾವಂತೂ ಕಂಡಿಲ್ಲ. ಊರ ಗೌಡರ ಮನೆಯ ಹುಡುಗ ಅಮೆರಿಕಕ್ಕೆ ಹೋಗಿ ಅಲ್ಲಿಯ ಪೌರತ್ವಕ್ಕೆ ಪ್ರಮಾಣ ಮಾಡಿದರೆ, ಮನಸಾರೆ ಮಾಡಿದನೋ ಡಾಲರಿಗೆ ಮಾಡಿದನೋ ಎಂದು ಯಾರೂ ಕೇಳುವುದಿಲ್ಲ. ಮನೆಯ ಮುಂದೆ ಚಪ್ಪರ ಹಾಕುತ್ತಾರೆ. ಮಾದಿಗರ ಹುಡುಗ ಹೀಬ್ರೂ ಅಕ್ಷರ ಕಲಿತರೆ ಮಾತ್ರ ಅವನ ಎದೆ ಸೀಳಿ ನೋಡಬೇಕೆನ್ನುತ್ತಾರೆ. ನಮ್ಮ ಕಡೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಎಂದು ಒಡೆಯದೆಯೇ ಹೇಳುವ ನಿಪುಣರಿದ್ದಾರೆ. ಮನುಷ್ಯನನ್ನು ಹಾಗೆ ಅಲ್ಲಾಡಿಸಿ ಹೇಳುವ ವಿದ್ಯೆ ತಹಶೀಲ್ದಾರರಿಗಾಗಲಿ ರಬ್ಬಿಗಾಗಲಿ ಇನ್ನೂ ಬಂದಿಲ್ಲ.

ಈಗ ನಮ್ಮ ಕಾನೂನಿನ ಕಡೆ ತಿರುಗೋಣ. 1950ರ ರಾಷ್ಟ್ರಪತಿಗಳ ಆದೇಶದ ಮೂರನೆಯ ಪ್ಯಾರಾ, ಹಿಂದೂ ಮತದವನಲ್ಲದವನನ್ನು ಪರಿಶಿಷ್ಟ ಜಾತಿಯವನೆಂದು ಗಣಿಸಕೂಡದು ಎಂದಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಲಕ್ಷಾಂತರ ಮಂದಿ ಬೌದ್ಧರಾದರು. ಅವರು, ಅವರ ಮಕ್ಕಳು 34 ವರ್ಷ ಈ ಸೌಲಭ್ಯದ ಹೊರಗೆ ನಿಂತರು. ಲಾಭಕ್ಕೆ ಮತ ಬಿಡುತ್ತಾರೆ ಎನ್ನುವವರು ಈ 34 ವರ್ಷಗಳ ಲೆಕ್ಕ ಹೇಳಲಿ. ಕ್ರೈಸ್ತರು, ಮುಸಲ್ಮಾನರು ಇನ್ನೂ ಹೊರಗೇ ಇದ್ದಾರೆ. ಗುಂಟೂರಿನ ಮಾದಿಗ ಯಹೂದ್ಯ ಕೂಡ, ಕಾಗದದ ಮೇಲೆ ಯಹೂದ್ಯನೆಂದು ಬರೆಸಿದ ದಿನವೇ ಹೊರಗೆ. ಹಿಂತಿರುಗಿ ಬರುತ್ತೇನೆಂದರೂ ಸುಲಭವಿಲ್ಲ. ಕೇರಳದ ಒಂದು ಮೊಕದ್ದಮೆಯಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ಮೂಲ ಜಾತಿಗೆ ಪುರಾವೆ ಬೇಕು, ಮರಳಿದ್ದಕ್ಕೆ ಪುರಾವೆ ಬೇಕು, ಆ ಜಾತಿಯವರು ಒಪ್ಪಿಕೊಂಡರೆಂಬುದಕ್ಕೂ ಪುರಾವೆ ಬೇಕು. ಅಂದರೆ ಹೋಗುವಾಗ ಒಂದು ಸರ್ಟಿಫಿಕೇಟು, ಬರುವಾಗ ಮೂರು.

ನಾವು ಮೇಷ್ಟರಾಗಿದ್ದ ದಿನಗಳಲ್ಲಿ ದಾಖಲಾತಿ ಪುಸ್ತಕದ ಮತ, ಜಾತಿ ಎಂಬ ಕಾಲಂಗಳನ್ನು ತುಂಬುವುದು ನಮ್ಮ ಪಾಲಿಗೆ ಬರುತ್ತಿತ್ತು. ಒಬ್ಬ ತಂದೆ, ಕಾಯಿ ಸುಲಿಯುವ ಕೆಲಸದವರು, ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವವರು. ಇದನ್ನು ಬಲ್ಲ ನಾವು ಪೆನ್ನು ಹಿಡಿದು ಮುಖ ನೋಡಿದೆವು. ‘ಅದೊಂದ್ ಬರೀಬ್ಯಾಡಿ ಮೇಷ್ಟ್ರೇ’ ಎಂದರು. ‘ದೇವ್ರಿಗೆ ಗೊತ್ತೈತೆ. ಸರ್ಕಾರಕ್ಕೆ ಯಾಕ್ ಗೊತ್ತಾಗ್ಬೇಕು? ಬರುದ್ರೆ ನನ್ ಮಗಂದು ಹಾಸ್ಟೆಲ್ ಹೋಯ್ತದೆ.’ ತಂದೆ ಹೇಳಿದ್ದನ್ನು ಬರೆಯುವುದು ನಿಯಮ; ಅವರು ಹೇಳಿದಂತೆ ‘ಹಿಂದೂ’ ಎಂದೇ ಬರೆದೆವು. ಈ ಮನುಷ್ಯ ವಂಚಕನೇ? ಅವನ ಮಗನನ್ನು ಸೇದುವ ಬಾವಿಯಿಂದ ದೂರವಿಟ್ಟವರು, ಅವನು ಯಾವ ದೇವರ ಹೆಸರು ಹೇಳುತ್ತಾನೆಂದು ಕೇಳಿ ದೂರವಿಟ್ಟಿರಲಿಲ್ಲ. ಜಾತಿಯ ಪೆಟ್ಟು ಮತ ನೋಡಿ ಬೀಳುವುದಿಲ್ಲ, ಔಷಧಿ ಮಾತ್ರ ಮತ ನೋಡಿ ಕೊಡುತ್ತಾರೆ. ನಂಬಿಕೆಗೆ ಸರ್ಕಾರವೇ ಒಂದು ಬೆಲೆ ಕಟ್ಟಿದೆ. ಕಟ್ಟಿದ ಮೇಲೆ ಬಡವ ಆ ಬೆಲೆಯ ಕಡೆ ನೋಡುತ್ತಾನೆಂದು ಅದೇ ಸರ್ಕಾರ ಬೈಯುತ್ತದೆ.

2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮತ ಬದಲಾಯಿಸುವವನು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಅದನ್ನು ಕಚೇರಿಯ, ತಹಶೀಲ್ದಾರರ ಕಚೇರಿಯ ಬೋರ್ಡಿಗೆ ಹಚ್ಚಿ ಆಕ್ಷೇಪಣೆ ಕರೆಯಬೇಕು. ಆಕ್ಷೇಪಣೆ ಬಂದರೆ ಅಧಿಕಾರಿಗಳು ಅವನ ‘ನಿಜವಾದ ಉದ್ದೇಶ’ವನ್ನು ವಿಚಾರಣೆ ಮಾಡಬೇಕು. ಎಂದರೆ ತೋಟದ ಆಳಿನ ದೇವರು ಬದಲಾಗುವುದಕ್ಕೆ ತೋಟದ ಯಜಮಾನ ತಕರಾರು ಹಾಕಬಹುದು! ಯಹೂದ್ಯರ ಮೂವರು ಪಂಚರು ಕೂತು ಕೇಳುವುದಾದರೂ ತಮ್ಮ ಮನೆಗೆ ಬರುವವನನ್ನು. ಇಲ್ಲಿ ಕೇಳುವವರು ಯಾವ ಮನೆಯವರೂ ಅಲ್ಲ. 2023ರ ಜೂನಿನಲ್ಲಿ ರಾಜ್ಯ ಸಂಪುಟ ಈ ಕಾಯಿದೆಯನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಯಾವ ಹೆಸರಿನಲ್ಲಿ ಯಾವ ಪಕ್ಷ ತಂದರೂ ಇಂಥ ಕಾಯಿದೆ ಬೇಡ. ಬಲಾತ್ಕಾರ, ಬೆದರಿಕೆ, ಮೋಸಗಳಿಗೆ ದಂಡಸಂಹಿತೆಯಲ್ಲಿ ಶಿಕ್ಷೆ ಇದ್ದೇ ಇದೆ. ನಮ್ಮದೇ ಸುಪ್ರೀಂ ಕೋರ್ಟು 1970ರಲ್ಲಿ ಪೆರುಮಾಳ್ ನಾಡಾರ್ ಮೊಕದ್ದಮೆಯಲ್ಲಿ, ಹಿಂದೂ ಮತಕ್ಕೆ ಬರಲು ಯಾವ ಶುದ್ಧಿ ವಿಧಿಯೂ ಬೇಕಾಗಿಲ್ಲ, ಸದುದ್ದೇಶವೂ ಅದಕ್ಕೆ ತಕ್ಕ ನಡವಳಿಕೆಯೂ ಇದ್ದರೆ ಸಾಕು ಎಂದಿತ್ತು. ಒಂದು ಕಡೆಗೆ ಹೋಗುವವನಿಗೆ ಸಾಕಾದದ್ದು ಇನ್ನೊಂದು ಕಡೆಗೆ ಹೋಗುವವನಿಗೆ ಯಾಕೆ ಸಾಲದು?

ಒಂದು ಆಕ್ಷೇಪಣೆಗೆ ಮಾತ್ರ ಗೌರವದಿಂದ ಉತ್ತರ ಹೇಳಬೇಕು, ಯಾಕೆಂದರೆ ಅದು ಮೇಲ್ಜಾತಿಯವರದ್ದಲ್ಲ. ನಮ್ಮ ಹೊಲೆಯ, ಮಾದಿಗ ಬಂಧುಗಳೇ ಕೇಳುತ್ತಾರೆ: ಇರುವ ರೊಟ್ಟಿ ಚಿಕ್ಕದು, ಹೊರಗೆ ಹೋದವರನ್ನೂ ಪಂಕ್ತಿಗೆ ಕೂರಿಸಿದರೆ ನಮ್ಮ ಪಾಲೇನು ಎಂದು. ಈ ಭಯ ನಿಜವಾದದ್ದು. ಆದರೆ ಉತ್ತರ ರೊಟ್ಟಿಯನ್ನು ದೊಡ್ಡದು ಮಾಡುವುದರಲ್ಲಿದೆ. ಹೊಸದಾಗಿ ಸೇರುವವರ ಜನಸಂಖ್ಯೆಗೆ ತಕ್ಕಂತೆ ಪ್ರಮಾಣ ಏರಿಸದೆ ಒಬ್ಬರನ್ನೂ ಸೇರಿಸಕೂಡದು; ಈ ಷರತ್ತಿಗೆ ನಾವೂ ಬದ್ಧರು. ಪರಿಶಿಷ್ಟ ಜಾತಿಯ ಸ್ಥಾನವನ್ನು ಮತದಿಂದ ಬಿಡಿಸಬೇಕೆಂದು ರಂಗನಾಥ ಮಿಶ್ರ ಆಯೋಗ 2007ರಲ್ಲೇ ಶಿಫಾರಸು ಮಾಡಿತ್ತು. ಅದನ್ನು ಜಾರಿಗೆ ತರುವ ಬದಲು 2022ರಲ್ಲಿ ಕೇಂದ್ರ ಸರ್ಕಾರ ಬಾಲಕೃಷ್ಣನ್ ಆಯೋಗವೆಂಬ ಇನ್ನೊಂದು ಆಯೋಗವನ್ನು ಕೂರಿಸಿತು.

ಮತಗಳವರಿಗೂ ಒಂದು ಮಾತಿದೆ. ಹಟ್ಟಿಯಿಂದ ಬಂದವನಿಗೆ ಜ್ಞಾನಸ್ನಾನ ಮಾಡಿಸಿ ಹಿಂದಿನ ಸಾಲಿನ ಬೆಂಚು ತೋರಿಸುವ ಚರ್ಚುಗಳಿವೆ. ಕಲ್ಯಾಣದ ಹೆಸರು ಹೇಳಿ ಹರಳಯ್ಯನ ಕುಲಕ್ಕೆ ಹೆಣ್ಣು ಕೊಡದ ಮಠದ ಭಕ್ತರು ನಮ್ಮ ಮೂರು ತಾಲ್ಲೂಕುಗಳಲ್ಲೇ ಬೇಕಾದಷ್ಟಿದ್ದಾರೆ. ‘ಘರ್ ವಾಪ್ಸಿ’ ಎಂದು ಕರೆದು, ವಾಪಸು ಬಂದವನಿಗೆ ಯಾವ ಕೇರಿಯಲ್ಲಿ ಮನೆ ಎಂದು ಹೇಳದವರೂ ಇದ್ದಾರೆ. ಬಂದವನು ನಂಬಿ ಬಂದಿದ್ದಾನೆಯೇ ಎಂದು ಕೇಳುವ ಇವರೆಲ್ಲರ ಮುಂದೆ ಕೊಚ್ಚಿಯ ಆ ಬೆಂಚನ್ನು ತಂದಿಡಬೇಕು.

1950ರ ಆದೇಶದ ಮೂರನೆಯ ಪ್ಯಾರಾವನ್ನು ತೆಗೆದು, ಅದಕ್ಕೆ ತಕ್ಕಂತೆ ಮೀಸಲಾತಿಯ ಪ್ರಮಾಣ ಏರಿಸಬೇಕು. ಮತ ಬದಲಾಯಿಸಿದವನ ಹೆಸರನ್ನು ತಾಲ್ಲೂಕು ಕಚೇರಿಯ ಬೋರ್ಡಿಗೆ ಹಚ್ಚುವ ಯಾವ ಕಾಯಿದೆಯೂ ಈ ರಾಜ್ಯದಲ್ಲಿ ಇರಕೂಡದು. ಈ ಎರಡು ಬೇಡಿಕೆಗಳ ನಿರ್ಣಯವನ್ನು ಮೂರೂ ತಾಲ್ಲೂಕು ಸಮಿತಿಗಳ ಮುಂದೆ ಇಡುತ್ತಿದ್ದೇವೆ. ಗಿರಣಿಯ ಸಂಗಾತಿಗಳೂ ಅಂಗಡಿಯ ಮಿತ್ರರೂ ಒಪ್ಪದಿದ್ದರೆ ಒಪ್ಪದ ಕಾರಣವನ್ನು ಬರೆದು ಕಳಿಸಲಿ. ಕಾಗದದ ಮೇಲೆ ಮತ, ಜಾತಿ ನಮೂದಿಸಬೇಕಾಗಿಲ್ಲ.